ಕತ್ತು ತಿರುಗಿಸಿದ್ರೂ ಕೈ ತಪ್ಪಲಿಲ್ಲ

ಇವತ್ತು ಆ ಕ್ಲಿಪ್ ಮತ್ತೆ ಕಣ್ಣಿಗೆ ಬಿತ್ತು. ಅಮೆರಿಕನ್ ಫುಟ್‌ಬಾಲಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯೋನು) ರಯಾನ್ ಫಿಟ್ಜ್‌ಪ್ಯಾಟ್ರಿಕ್, 2020ರ ಡಿಸೆಂಬರ್ 26, ಲಾಸ್ ವೇಗಸ್.

ಉಳಿದದ್ದು 19 ಸೆಕೆಂಡು. ಅವನ ತಂಡ ಮಯಾಮಿ ಎರಡು ಪಾಯಿಂಟ್ ಹಿಂದೆ, ಚೆಂಡು ತಮ್ಮದೇ 25 ಗಜದ ಗೆರೆಯಲ್ಲಿ.

ಎದುರಾಳಿ ರೈಡರ್ಸ್ ಆಟಗಾರ ಅವನ ಹೆಲ್ಮೆಟ್ಟಿನ ಜಾಲರಿ ಹಿಡಿದು ಎಳೀತಾನೆ. ಮುಖ ಪೂರ್ತಿ ಪಕ್ಕಕ್ಕೆ. ಚೆಂಡು ಮಾತ್ರ ನೇರ ಜೊತೆಗಾರ ಮ್ಯಾಕ್ ಹಾಲಿನ್ಸ್ ಕೈಗೆ. 34 ಗಜ!
ಜಾಲರಿ ಎಳೆದದ್ದಕ್ಕೆ ದಂಡ, ಮತ್ತೆ 15 ಗಜ.
ಒಂದೇ ಎಸೆತಕ್ಕೆ 49. ಅಲ್ಲಿಂದ 44 ಗಜದ ಕಿಕ್ಕು, ಮೂರು ಪಾಯಿಂಟ್, ಮಯಾಮಿಗೆ ಗೆಲುವು 26-25.

ಅವತ್ತು ಫಿಟ್ಜ್‌ಪ್ಯಾಟ್ರಿಕ್ ಆಟ ಶುರು ಮಾಡಿದವನೂ ಅಲ್ಲ, ನಾಲ್ಕನೇ ಕ್ವಾರ್ಟರಿನಲ್ಲಿ ಬೆಂಚಿನಿಂದ ಎದ್ದು ಬಂದವನು.

ಹಾರ್ವರ್ಡ್ ಹುಡುಗ. 2005ರ ಡ್ರಾಫ್ಟಿನಲ್ಲಿ (ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸೋದು) 250ನೆಯವನು. 17 ಸೀಸನ್, 9 ತಂಡ. ಪ್ಲೇಆಫ್, ಅಂದ್ರೆ ಸೀಸನ್ ಕೊನೆಯ ನಾಕೌಟ್ ಪಂದ್ಯ? ಒಂದೂ ಇಲ್ಲ.

ಹತ್ತಿರ ಬಂದಿದ್ದ, 2015ರಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಜೊತೆ. 31 ಟಚ್‌ಡೌನ್ (ಆರು ಪಾಯಿಂಟಿನ ಎಸೆತ) ಎಸೆದಿದ್ದ. ಕೊನೆ ಪಂದ್ಯ ತನ್ನ ಹಳೇ ತಂಡ ಬಫಲೋ ಮೇಲೆ. ನಾಲ್ಕನೇ ಕ್ವಾರ್ಟರಿನಲ್ಲಿ ಮೂರು ಇಂಟರ್‌ಸೆಪ್ಷನ್, ಅಂದ್ರೆ ಎಸೆತ ಎದುರಾಳಿ ಕೈಗೆ. ಅಷ್ಟೇ.

ಎದೆಗಾರಿಕೆಯ ಎಸೆತದ ಕಷ್ಟ ಇದೇ ನೋಡಿ. ಇಬ್ಬರ ನಡುವಿನ ಸಂದಿಗೆ ತೂರಿಸೋ ಅದೇ ಚಟ ವೇಗಸ್‌ನಲ್ಲಿ ಗೆಲ್ಲಿಸ್ತು, ಬಫಲೋದಲ್ಲಿ ಮುಳುಗಿಸ್ತು.

ಒಂಬತ್ತನೇ ತಂಡ ವಾಷಿಂಗ್ಟನ್. ಆರು ಪಾಸ್ ಎಸೆದ, ಸೊಂಟದ ಕೀಲಿಗೆ ಪೆಟ್ಟು. ಆಮೇಲೆ ಮೈದಾನಕ್ಕೆ ಬರಲೇ ಇಲ್ಲ.

ಆ ಗಡ್ಡ ಮಾತ್ರ ಇನ್ನೂ ಹಾಗೇ ಇದೆ ಮಾರಾಯ್ರೆ.