ಲ್ಯಾಪ್‌ಟಾಪಿನ ಇನ್‌ಫ್ರಾರೆಡ್ ಕಿಂಡಿಯಿಂದ ಟಿವಿ ರಿಮೋಟ್: ಇಲ್ಲಿಯವರೆಗಿನ ಪ್ರಗತಿ

ಹಳೆಯ ಥಿಂಕ್‌ಪ್ಯಾಡ್ ಟಿ42 ಲ್ಯಾಪ್‌ಟಾಪಿನ ಇನ್‌ಫ್ರಾರೆಡ್ ಕಿಂಡಿಯಿಂದ ಟಿವಿಯ ಧ್ವನಿಯನ್ನು ಏರಿಸಲು ಮತ್ತು ಇಳಿಸಲು ಈಗ ಸಾಧ್ಯವಾಗಿದೆ. ಚಾನೆಲ್ ಬದಲಿಸುವ ಗುಂಡಿಗಳೂ ಕೆಲಸ ಮಾಡುತ್ತಿವೆ. ಆದರೆ ಲ್ಯಾಪ್‌ಟಾಪನ್ನು ಟಿವಿಯ ಎದುರಿಗೆ, ಸುಮಾರು ಒಂದು ಮೀಟರಿನೊಳಗೆ ಇಟ್ಟಾಗ ಮಾತ್ರ.

ಈ ಕಿಂಡಿ ಇರುವುದು ಇರ್ಡಾ ಎಂಬ ಇನ್‌ಫ್ರಾರೆಡ್ ಸಂವಹನ ಪದ್ಧತಿಯಲ್ಲಿ ಫೋನ್, ಪ್ರಿಂಟರುಗಳೊಡನೆ ದತ್ತಾಂಶ ಹಂಚಿಕೊಳ್ಳುವುದಕ್ಕೆ; ಟಿವಿ ರಿಮೋಟಿನ ಪದ್ಧತಿಯೇ ಬೇರೆ. ರಿಮೋಟಿನ ಬೆಳಕು ಸೆಕೆಂಡಿಗೆ ಸುಮಾರು 38,000 ಬಾರಿ ಮಿಣುಕುತ್ತದೆ. ಟಿವಿಯೊಳಗಿನ ರಿಸೀವರ್ ಆ ಮಿಣುಕನ್ನಷ್ಟೇ ಗುರುತಿಸಿ ಟ್ಯೂಬ್‌ಲೈಟು, ಬಿಸಿಲು ಮುಂತಾದವುಗಳನ್ನು ಬದಿಗಿಡುತ್ತದೆ. ಇರ್ಡಾದ ನಿಧಾನ ವಿಧಾನದಲ್ಲಿ (ಎಸ್‌ಐಆರ್) ಅಂಥ ಸತತ ಮಿಣುಕು, ಅಂದರೆ ವಾಹಕ ತರಂಗವೇ ಇಲ್ಲ. ಅಲ್ಲಿ ಸೊನ್ನೆಯ ಬಿಟ್ ಬಂದಾಗಲೆಲ್ಲ ಒಂದು ಚಿಕ್ಕ ಮಿಂಚು ಹೊರಡುತ್ತದೆ, ಒಂದರ ಬಿಟ್ ಬಂದರೆ ಕತ್ತಲೆ.

ದಾರಿ ಸಿಕ್ಕಿದ್ದು ಒಂದು ಸರಳ ಭಾಗಾಕಾರದಲ್ಲಿ. ಈ ಕಿಂಡಿಯನ್ನು ಸೀರಿಯಲ್ ಪೋರ್ಟಾಗಿ, ಅಂದರೆ ಬಿಟ್‌ಗಳನ್ನು ಒಂದರ ಹಿಂದೊಂದು ಕಳುಹಿಸುವ ದ್ವಾರವಾಗಿ ಬಳಸಬಹುದು; ಅದರ ಗರಿಷ್ಠ ವೇಗ ಸೆಕೆಂಡಿಗೆ 1,15,200 ಬಿಟ್. ಪ್ರತಿ ಮೂರು ಬಿಟ್‌ಗಳಲ್ಲಿ ಒಂದನ್ನು ಸೊನ್ನೆ ಮಾಡಿದರೆ ಮಿಂಚುಗಳ ಆವರ್ತನ 38.4 ಕಿಲೋಹರ್ಟ್ಸ್ (ಸೆಕೆಂಡಿಗೆ 38,400 ಬಾರಿ) ಆಗುತ್ತದೆ, ರಿಸೀವರಿಗೆ ಅದು ಧಾರಾಳ ಸಾಕು. ಏಳು ದತ್ತಾಂಶ ಬಿಟ್, ಪ್ಯಾರಿಟಿ (ತಪ್ಪು ಪತ್ತೆಯ ಬಿಟ್) ಇಲ್ಲ, ಬೈಟಿನ ಕೊನೆಗೆ ಒಂದು ಸ್ಟಾಪ್ ಬಿಟ್ (ಯಾವಾಗಲೂ 1) ಎಂದು ಹೊಂದಿಸಿದರೆ ಆರಂಭದ ಸ್ಟಾರ್ಟ್ ಬಿಟ್ಟೂ (ಯಾವಾಗಲೂ 0) ಸೇರಿ ಒಂದು ಬೈಟಿಗೆ ಒಟ್ಟು ಒಂಬತ್ತು ಬಿಟ್. ದಶಮಾನದಲ್ಲಿ 91 ಎಂಬ ಬೈಟನ್ನು ಕಳುಹಿಸಿದಾಗ ತಂತಿಯ ಮೇಲೆ 011 011 011 ಎಂಬ ವಿನ್ಯಾಸ ಮೂಡುತ್ತದೆ. ಬೈಟಿನ ಹಿಂದೆ ಬೈಟು ಕಳುಹಿಸಿದರೂ ತಾಳ ಎಲ್ಲಿಯೂ ತಪ್ಪುವುದಿಲ್ಲ. ಲಿನಕ್ಸಿನಲ್ಲಿ ಇನ್‌ಫ್ರಾರೆಡ್ ರಿಮೋಟುಗಳನ್ನು ನಿಭಾಯಿಸುವ ಲಿರ್ಕ್ ತಂತ್ರಾಂಶದ ಎಸ್‌ಐಆರ್ ಡ್ರೈವರ್ ಬಳಸುವುದೂ ಇದೇ ಬೈಟನ್ನು. ಇದನ್ನು ಕಂಡುಕೊಂಡವರ ಬುದ್ಧಿಗೆ ಶರಣು.

ಕಳುಹಿಸಬೇಕಾದ ಸಂಕೇತಗಳನ್ನು ಮೂಲ ರಿಮೋಟಿನಿಂದಲೇ ಓದಿಕೊಂಡೆ. ಲ್ಯಾಪ್‌ಟಾಪಿನ ಸ್ವಂತ ರಿಸೀವರ್ ಇರ್ಡಾದ ಚಿಕ್ಕ ಮಿಂಚುಗಳಿಗೆಂದೇ ಮಾಡಿದ್ದಾದ್ದರಿಂದ ಅದನ್ನು ನಂಬದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಟಿಎಸ್‌ಒಪಿ 1738 ಎಂಬ ಮೂರು ಕಾಲಿನ ರಿಸೀವರಿಗೆ ಯುಎಸ್‌ಬಿಯಿಂದ 5 ವೋಲ್ಟ್ ಕೊಟ್ಟು, ಅದರ ಔಟ್‌ಪುಟ್ಟನ್ನು ರೆಸಿಸ್ಟರುಗಳಿಂದ ತಗ್ಗಿಸಿ ಮೈಕ್ ಜ್ಯಾಕಿಗೆ ಜೋಡಿಸಿದೆ. ಧ್ವನಿಮುದ್ರಣದಲ್ಲಿ ಮೊದಲು 9 ಮಿಲಿಸೆಕೆಂಡಿನ ಉದ್ದನೆಯ ಪಟ್ಟಿ, ಬಳಿಕ 4.5 ಮಿಲಿಸೆಕೆಂಡಿನ ಬಿಡುವು, ಅದರ ಹಿಂದೆ 32 ಬಿಟ್‌ಗಳ ಸಾಲು ಕಂಡಿತು: ಹಲವು ಟಿವಿ ರಿಮೋಟುಗಳು ಬಳಸುವ ಎನ್‌ಇಸಿ ಪದ್ಧತಿಯೆಂದು ನೋಡಿದೊಡನೆ ತಿಳಿಯುತ್ತದೆ. ಇದರಲ್ಲಿ ಆಜ್ಞೆಯ ಬೈಟಿನ ಹಿಂದೆಯೇ ಸೊನ್ನೆ, ಒಂದುಗಳನ್ನು ಅದಲುಬದಲು ಮಾಡಿದ ಅದರ ಪ್ರತಿ ಬರುವುದರಿಂದ, ಓದಿದ್ದು ಸರಿಯೇ ಎಂದು ಕೈಯಲ್ಲೇ ತಾಳೆ ನೋಡಬಹುದು.

ಬೆಳಕಿಗಿಂತ ಹೆಚ್ಚು ಕಾಡಿದ್ದು ಬಿಡುವು. ಎನ್‌ಇಸಿಯಲ್ಲಿ ಮಿಣುಕಿನ ಅವಧಿ ಯಾವಾಗಲೂ ಸುಮಾರು 562 ಮೈಕ್ರೋಸೆಕೆಂಡ್, ಅಂದರೆ ಏಳು ಬೈಟು ಕಳುಹಿಸುವಷ್ಟು ಹೊತ್ತು. ಸೊನ್ನೆಯೋ ಒಂದೋ ಎಂಬುದನ್ನು ಹೇಳುವುದು ಅದರ ನಂತರದ ಬಿಡುವು, 562 ಅಥವಾ 1,687 ಮೈಕ್ರೋಸೆಕೆಂಡ್. ಪ್ರತಿ ಬೈಟಿಗೂ ಸ್ಟಾರ್ಟ್ ಬಿಟ್ ಇದ್ದೇ ಇರುವುದರಿಂದ ಕತ್ತಲೆಯ ಬೈಟು ಎಂಬುದಿಲ್ಲ. ಎಲ್ಲ ದತ್ತಾಂಶ ಬಿಟ್‌ಗಳನ್ನೂ ಒಂದು ಮಾಡಿ ಕಳುಹಿಸಿದರೂ 12.8 ಕಿಲೋಹರ್ಟ್ಸಿನಲ್ಲಿ ಮಿಂಚು ಉಳಿಯುತ್ತದೆ. ಅದರ ಮೂರನೆಯ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದ ಅಂಶ) ಸರಿಯಾಗಿ 38.4 ಕಿಲೋಹರ್ಟ್ಸ್, ಆದ್ದರಿಂದ ರಿಸೀವರ್ ಅದನ್ನೂ ಸಂಕೇತವೆಂದೇ ತಿಳಿಯುವ ಸಂಭವವಿದೆ. ಬಿಡುವೆಂದರೆ ಏನನ್ನೂ ಕಳುಹಿಸದೆ ಕಾಯುವುದೊಂದೇ. ಸಾಮಾನ್ಯ ಪ್ರೋಗ್ರಾಮಿಗೆ ಆ ನಿಖರತೆ ದಕ್ಕುವುದಿಲ್ಲ: ಪೋರ್ಟಿನ 16 ಬೈಟುಗಳ ಬಫರ್ ತುಂಬಿದ್ದರೆ ಅದು ಖಾಲಿಯಾಗಲೇ 1.25 ಮಿಲಿಸೆಕೆಂಡ್ ಹಿಡಿಯುತ್ತದೆ, ನಡುವೆ ಕರ್ನಲ್ (ಲಿನಕ್ಸ್ ವ್ಯವಸ್ಥೆಯ ತಿರುಳು) ಬೇರೊಂದು ಕೆಲಸಕ್ಕೆ ತಿರುಗಿದರೆ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ಈ ಕೆಲಸವನ್ನು ಕರ್ನಲ್ ಡ್ರೈವರಿಗೆ ವಹಿಸಿ, ಅದಕ್ಕೂ ಮೊದಲು ಸೆಟ್‌ಸೀರಿಯಲ್ ಆದೇಶದಿಂದ ಸಾಮಾನ್ಯ ಸೀರಿಯಲ್ ಡ್ರೈವರಿನ ಹಿಡಿತವನ್ನು ಬಿಡಿಸಿದೆ. ಲಿನಕ್ಸ್ ಕರ್ನಲ್ಲಿನಿಂದ ಇರ್ಡಾ ಬೆಂಬಲವನ್ನು 2018ರಲ್ಲಿ ಕಿತ್ತುಹಾಕಿದ್ದಾರೆ, ಆದರೆ ಕಿಂಡಿಯನ್ನು ಬರಿಯ ಸೀರಿಯಲ್ ಪೋರ್ಟಾಗಿ ಬಳಸುವ ಈ ಉಪಾಯಕ್ಕೆ ಅದು ಬೇಕಾಗಿಯೂ ಇಲ್ಲ.

ದೂರದ ಮಿತಿಗೆ ಕಾರಣಗಳು ಸ್ಪಷ್ಟವಾಗಿವೆ. ಪ್ರತಿ ಮಿಂಚು ಬಿಟ್‌ನ ಅವಧಿಯ ಹದಿನಾರರಲ್ಲಿ ಮೂರು ಪಾಲು ಮಾತ್ರ, ಅಂದರೆ ಸುಮಾರು 1.6 ಮೈಕ್ರೋಸೆಕೆಂಡ್, 26 ಮೈಕ್ರೋಸೆಕೆಂಡಿನ ಒಂದು ಆವರ್ತದಲ್ಲಿ ಬೆಳಕಿರುವುದು ಹದಿನಾರನೆಯ ಒಂದು ಪಾಲು. ಸಾಮಾನ್ಯ ರಿಮೋಟಿನಲ್ಲಿ ಅದು ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲು. ಸಾಲದೆಂಬಂತೆ ಇರ್ಡಾದ ಬೆಳಕು 850ರಿಂದ 900 ನ್ಯಾನೋಮೀಟರಿನದು, ಟಿವಿಯ ರಿಸೀವರ್ ಚುರುಕಾಗಿರುವುದು 940ರ ಆಸುಪಾಸಿನಲ್ಲಿ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ರಿಮೋಟಿನ ತುದಿ ನೇರಳೆಯಾಗಿ ಹೊಳೆಯುತ್ತದೆ. ಲ್ಯಾಪ್‌ಟಾಪಿನ ಕಿಂಡಿಯಲ್ಲಿ ಕಾಣುವುದು ಮಸುಕಾದ ಚುಕ್ಕೆ ಮಾತ್ರ. ಸಾಫ್ಟ್‌ವೇರಿನಿಂದ ಇದನ್ನು ಸರಿಪಡಿಸಲು ಬರುವುದಿಲ್ಲ, ಯಂತ್ರವನ್ನು ಬಿಚ್ಚಿ ಎಲ್‌ಇಡಿ ಬದಲಿಸುವ ಮನಸ್ಸು ನನಗಿಲ್ಲ.

ಮುಂದೆ ಪರೀಕ್ಷಿಸಬೇಕೆಂದಿರುವುದು 56 ಕಿಲೋಹರ್ಟ್ಸಿನ ಆರ್‌ಸಿಎ ಎಂಬ ಇನ್ನೊಂದು ರಿಮೋಟ್ ಪದ್ಧತಿ. ಎಂಟು ದತ್ತಾಂಶ ಬಿಟ್‌ಗಳಿಗೆ ಹೊಂದಿಸಿ 85 ಎಂಬ ಬೈಟನ್ನು ಕಳುಹಿಸಿದರೆ ಸೊನ್ನೆ, ಒಂದು ಸರದಿಯಂತೆ ಬಂದು 57.6 ಕಿಲೋಹರ್ಟ್ಸ್ ಸಿಗಬೇಕು. ಅದಕ್ಕಾಗಿ ಡ್ರೈವರಿನಲ್ಲಿ ಬೈಟು, ಅದರ ಅವಧಿ ಮತ್ತು ಬಿಟ್‌ಗಳ ಹೊಂದಿಕೆ ಈ ಮೂರನ್ನು ಬದಲಿಸಿ ಮತ್ತೆ ಕಂಪೈಲ್ ಮಾಡಬೇಕಾಗಿದೆ.