ಗ್ರೀಸ್ ದ್ವೀಪಗಳ ಹಡಗು ಪ್ರವಾಸ: ಹತ್ತುವ ಮುಂಚೆ ಗಂಟೆ ಎಣಿಸಿ

ಸ್ಯಾಂಟೊರಿನಿಯಲ್ಲಿ ನಮ್ಮ ಕಾಲು ನೆಲದ ಮೇಲಿದ್ದದ್ದು ಬರೀ ನಾಲ್ಕು ಗಂಟೆ. ಅದರಲ್ಲಿ ಒಂದು ಗಂಟೆ ಕೇಬಲ್ ಕಾರಿನ ಸಾಲಿಗೇ ಹೋಯಿತು. ಊರಿಗೆ ಬಂದ ಮೇಲೆ ಫೋಟೊ ನೋಡಿದವರೆಲ್ಲ "ಅಬ್ಬಾ, ಎಷ್ಟು ಚೆನ್ನಾಗಿದೆ! ಎಷ್ಟು ದಿನ ಇದ್ರಿ ಅಲ್ಲಿ?" ಅಂತ ಕೇಳುತ್ತಾರೆ. ಹೇಳೋಕೆ ಸ್ವಲ್ಪ ನಾಚಿಕೆ.

ನಾವು ನಾಲ್ವರು ಗೆಳತಿಯರು. ಒಂದೇ ಕಾಲೇಜಲ್ಲಿ ಓದಿದವರು, ಎಲ್ಲರಿಗೂ ಐವತ್ತು ದಾಟಿದೆ. ಮೂವರು ಬೆಂಗಳೂರಿನಿಂದ ದೋಹಾ ಮೂಲಕ ಹೋದೆವು. ಇನ್ನೊಬ್ಬಳು ಮ್ಯೂನಿಕ್‌ನಿಂದ ಬಂದು ಅಥೆನ್ಸ್‌ನಲ್ಲಿ ಸೇರಿಕೊಂಡಳು. ಮೇ ತಿಂಗಳ ಕೊನೆಯ ವಾರ. ಮೂರು ರಾತ್ರಿ ಅಥೆನ್ಸ್, ಮೂರು ರಾತ್ರಿ ಹಡಗು. ಹಡಗು ಮುಟ್ಟಿದ ಜಾಗಗಳು ಐದು: ಮಿಕೊನೊಸ್, ಟರ್ಕಿಯ ಕುಶಾಡಸಿ, ಪಾಟ್ಮೊಸ್, ಕ್ರೀಟ್ ದ್ವೀಪದ ಹೆರಾಕ್ಲಿಯನ್, ಸ್ಯಾಂಟೊರಿನಿ. ಕರಪತ್ರದಲ್ಲಿ "ಐದು ಬಂದರು" ಅಂತ ದೊಡ್ಡದಾಗಿ ಇರುತ್ತದೆ. ಎಷ್ಟು ಗಂಟೆಗೆ ಮುಟ್ಟುತ್ತೆ, ಎಷ್ಟಕ್ಕೆ ಬಿಡುತ್ತೆ ಅನ್ನೋದು ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ. ದುಡ್ಡು ಕಟ್ಟುವ ಮುಂಚೆ ನೋಡಬೇಕಾದ್ದು ಆ ಸಣ್ಣ ಅಕ್ಷರ.

ಮೊದಲು ವೀಸಾ. ಗ್ರೀಸ್‌ಗೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ, ಬೇಕು. ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಇದೆಲ್ಲ ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದೆ ನಾವು ಬೀಳುತ್ತಿದ್ದ ಗುಂಡಿ ಬೇರೆ. ಹಡಗು ಟರ್ಕಿಗೆ ಹೋಗುತ್ತೆ ಅಂದರೆ ನೀವು ಶೆಂಗೆನ್ ಗಡಿ ದಾಟಿ ಮತ್ತೆ ಒಳಗೆ ಬರುತ್ತೀರಿ. ಒಂದೇ ಸಲ ಪ್ರವೇಶದ ವೀಸಾ ಸಾಲದು. ನಮ್ಮ ಟ್ರಾವೆಲ್ ಏಜೆಂಟ್ ಅರ್ಜಿಯಲ್ಲಿ ಆರಾಮಾಗಿ "ಒಂದು ಪ್ರವೇಶ" ಅಂತ ಗುರುತು ಹಾಕಿದ್ದ. ಸಹಿ ಮಾಡುವಾಗ ಗೆಳತಿಯ ಕಣ್ಣಿಗೆ ಬಿದ್ದಿದ್ದಕ್ಕೆ ಬಚಾವಾದೆವು. ಅರ್ಜಿಯ ಪ್ರತಿ ಸಾಲನ್ನೂ ನೀವೇ ಓದಿ. ಟರ್ಕಿಯಲ್ಲಿ ಇಳಿಯೋಕೆ ಭಾರತದ ಪಾಸ್‌ಪೋರ್ಟಿಗೆ ಏನು ಬೇಕು ಅನ್ನೋದನ್ನೂ ಹಡಗಿನ ಕಂಪನಿಯಿಂದ ಇಮೇಲ್‌ನಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಬಂದರಿನಲ್ಲಿ ಉಪಯೋಗಕ್ಕೆ ಬರಲ್ಲ.

ಅಥೆನ್ಸನ್ನು ಹಡಗಿಗಿಂತ ಮುಂಚೆ ಇಟ್ಟುಕೊಳ್ಳಿ. ವಿಮಾನ ತಡವಾದರೆ ಹೋಟೆಲ್ ಕಾಯುತ್ತದೆ, ಹಡಗು ಕಾಯಲ್ಲ. ವಿಮಾನ ನಿಲ್ದಾಣದಿಂದ ಮೆಟ್ರೊ ನೀಲಿ ಗೆರೆ ಸೀದಾ ಸಿಂಟಾಗ್ಮಾ, ಮೊನಾಸ್ಟಿರಾಕಿ ದಾಟಿ ಪಿರೇಯಸ್ ಬಂದರಿನ ತನಕ ಹೋಗುತ್ತದೆ. ಟಿಕೆಟ್ 9 ಯೂರೊ. ಊರೊಳಗಿನ ಓಡಾಟಕ್ಕೆ 1.20 ಯೂರೊ, 90 ನಿಮಿಷ ನಡೆಯುತ್ತದೆ. ಪರ್ಸು ಮುಂದಿನ ಜೇಬಲ್ಲಿರಲಿ, ಬ್ಯಾಗು ಎದೆ ಮೇಲಿರಲಿ. ಮೆಜೆಸ್ಟಿಕ್ಕಿನಲ್ಲಿ ಎಷ್ಟು ಹುಷಾರಾಗಿ ಇರುತ್ತೀರೋ ಅಷ್ಟು ಸಾಕು.

ಅಕ್ರೊಪೊಲಿಸ್ ಅಂದರೆ ಅಥೆನ್ಸಿನ ನಡುವಿನ ಬೆಟ್ಟದ ಮೇಲಿನ ಹಳೇ ಗುಡಿಗಳ ಜಾಗ. ಅಲ್ಲಿಗೆ ಈಗ ಹೊತ್ತು ಗೊತ್ತು ಮಾಡಿದ ಟಿಕೆಟ್. ದಿನಕ್ಕೆ 20,000 ಜನರ ಮಿತಿ ಇದೆ. 2025ರ ಏಪ್ರಿಲ್‌ನಿಂದ ದರ 30 ಯೂರೊ. ಸರ್ಕಾರದ್ದೇ ವೆಬ್‌ಸೈಟಿನಲ್ಲಿ ಬೆಳಿಗ್ಗೆ 8ರ ಹೊತ್ತನ್ನು ಹಿಡಿಯಿರಿ. ಹತ್ತು ಗಂಟೆಗೆ ದೊಡ್ಡ ಹಡಗುಗಳ ಬಸ್ಸುಗಳು ಬಂದು ನಿಲ್ಲುತ್ತವೆ, ಆಮೇಲೆ ನೋಡೋದೆಲ್ಲ ಬೇರೆಯವರ ಟೋಪಿಗಳನ್ನೇ. ಕಾಲಡಿಯ ಅಮೃತಶಿಲೆ ಸಾವಿರಾರು ವರ್ಷ ತುಳಿಸಿಕೊಂಡು ಎಣ್ಣೆ ಸವರಿದ ಹಾಗೆ ಜಾರುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಬೇಸಿಗೆಯಲ್ಲಿ ಬಿಸಿಲು ಅತಿಯಾದರೆ ಮಧ್ಯಾಹ್ನ ಮುಚ್ಚಿಬಿಡುತ್ತಾರೆ, ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಹೋಗುವವರಿಗಂತೂ ಬೆಳಿಗ್ಗೆಯೇ ಸರಿ.

ಆ ಬೆಟ್ಟದ ದೊಡ್ಡ ಗುಡಿ ಪಾರ್ಥೆನಾನ್ ಕಟ್ಟೋಕೆ ಶುರು ಮಾಡಿದ್ದು ಕ್ರಿಸ್ತಪೂರ್ವ 447ರಲ್ಲಿ. ಎರಡು ಸಾವಿರ ವರ್ಷ ಹೆಚ್ಚುಕಮ್ಮಿ ನಿಂತೇ ಇತ್ತು. 1687ರಲ್ಲಿ ಒಟ್ಟೊಮನ್ನರು ಒಳಗೆ ಮದ್ದಿನಪುಡಿ ಇಟ್ಟಿದ್ದರು, ವೆನಿಸ್‌ನವರ ಗುಂಡು ಬಿದ್ದು ನಡು ಭಾಗ ಸಿಡಿದು ಹೋಯಿತು. ಅಲ್ಲಿ ನಿಂತು ನೋಡುವಾಗ ಇಷ್ಟು ಗೊತ್ತಿದ್ದರೆ ಸಾಕು, ಗೈಡ್ ಇಲ್ಲದೆಯೂ ಕಲ್ಲು ಮಾತಾಡುತ್ತದೆ.

ನನಗೆ ಕೇಳಿದರೆ, ಬೆಟ್ಟಕ್ಕಿಂತ ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಂ ಒಂದು ಕೈ ಮೇಲು. 2009ರಲ್ಲಿ ತೆರೆದದ್ದು. ಟಿಕೆಟ್ ಬೇರೆ. ಅಲ್ಲಿ ಕ್ಯಾರಿಯಾಟಿಡ್ ಅನ್ನುವ ಹೆಣ್ಣು ಕಂಬಗಳಿವೆ. ತಲೆ ಮೇಲೆ ಸೂರು ಹೊತ್ತು ನಿಂತಿದ್ದ ಆರು ಜನರಲ್ಲಿ ಐವರು ಇಲ್ಲಿದ್ದಾರೆ, ಒಬ್ಬಳು ಲಂಡನ್ನಿನಲ್ಲಿ. ಅವಳ ಜಾಗ ಖಾಲಿ ಬಿಟ್ಟಿದ್ದಾರೆ. ಎಲ್ಲರೂ ಮುಂದೆ ನಿಂತು ನೋಡಿ ಹೋಗುತ್ತಾರೆ. ನೀವು ಹಿಂದೆ ಹೋಗಿ. ಬೆನ್ನ ಮೇಲೆ ಇಳಿದ ದಪ್ಪ ಜಡೆ, ಒಬ್ಬೊಬ್ಬಳದು ಒಂದೊಂದು ಥರ. ನಾವು ನಾಲ್ವರೂ ಅಲ್ಲೇ ನಿಂತು ಯಾರ ಹೆಣಿಗೆ ಹೇಗೆ ಅಂತ ಹತ್ತು ನಿಮಿಷ ಚರ್ಚೆ ಮಾಡಿದೆವು. ಕಾವಲಿನ ಹೆಂಗಸು ಮೊದಲು ಅನುಮಾನದಿಂದ ನೋಡಿದಳು, ಆಮೇಲೆ ನಕ್ಕಳು.

ಸಂಸತ್ತಿನ ಮುಂದಿನ ಸಿಂಟಾಗ್ಮಾ ಚೌಕದಲ್ಲಿ ಪ್ರತಿ ಗಂಟೆಗೆ ಕಾವಲುಗಾರರ ಬದಲಾವಣೆ ಇರುತ್ತದೆ, ಭಾನುವಾರ ಬೆಳಿಗ್ಗೆ 11ಕ್ಕೆ ದೊಡ್ಡದಾಗಿ. ಬಿಳಿ ನೆರಿಗೆಯ ಲಂಗ, ಕುಚ್ಚು ಇರುವ ಭಾರದ ಬೂಟು. ಪುಕ್ಕಟೆ, ನೋಡಿ ಬನ್ನಿ.

ಊಟದ ಚಿಂತೆ ಬೇಡ. ನಮ್ಮಲ್ಲಿ ಇಬ್ಬರು ಪಕ್ಕಾ ಸಸ್ಯಾಹಾರಿಗಳು. ಗ್ರೀಕರ ಚರ್ಚಿನಲ್ಲಿ ಉಪವಾಸದ ದಿನಗಳು ಜಾಸ್ತಿ, ಆಗ ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ಆ ಅಡುಗೆಗೆ "ನಿಸ್ತೀಸಿಮಾ" ಅನ್ನುತ್ತಾರೆ. "ವೆಜಿಟೇರಿಯನ್" ಅನ್ನೋದಕ್ಕಿಂತ ಈ ಮಾತು ಹೇಳಿದರೆ ಹಳೇ ಹೋಟೆಲಿನವರಿಗೆ ಬೇಗ ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ಅವರ ಉಪವಾಸಕ್ಕೆ ಸೀಗಡಿ, ಅಷ್ಟಪದಿ ನಡೆಯುತ್ತದೆ! ಅದನ್ನು ಬೇರೆ ಹೇಳಬೇಕು. ಗಿಗಾಂಟೆಸ್ ಅಂದರೆ ಟೊಮೆಟೊ ಗೊಜ್ಜಿನಲ್ಲಿ ಬೆಂದ ದೊಡ್ಡ ಬಿಳಿ ಕಾಳು, ಅವರೆಕಾಳಿನ ದೊಡ್ಡಪ್ಪ. ಹೋರ್ತಾ ಅಂದರೆ ಬೇಯಿಸಿದ ಸೊಪ್ಪಿಗೆ ನಿಂಬೆಹುಳಿ. ಸ್ಯಾಂಟೊರಿನಿಯ ಫಾವಾ ಬಂದಾಗ ನಮ್ಮಲ್ಲೊಬ್ಬಳು ತಟ್ಟೆ ನೋಡಿ "ಇದು ತೊವ್ವೆ ಕಣೇ" ಅಂದಳು. ತೊವ್ವೆಯೇ. ಒಗ್ಗರಣೆ ಬದಲು ಹಸಿ ಈರುಳ್ಳಿ, ಆಲಿವ್ ಎಣ್ಣೆ. ಡೊಲ್ಮಾದೆಸ್ ಅನ್ನುವ ದ್ರಾಕ್ಷಿ ಎಲೆಯ ಸುರುಳಿಯಲ್ಲಿ ಕೆಲವು ಕಡೆ ಖೀಮಾ ಇರುತ್ತದೆ, ಕೇಳಿ ತಿನ್ನಿ. ಕೇಳುವಾಗ ನೆನಪಿರಲಿ, ಗ್ರೀಕ್‌ನಲ್ಲಿ "ನೇ" ಅಂದರೆ ಹೌದು. ನಮಗೆ ಹಿಂದಿಯ "ನಹೀ" ಥರ ಕೇಳಿಸುತ್ತದೆ. "ಮಾಂಸ ಇದೆಯಾ?" "ನೇ." ಗೆಳತಿ ಖುಷಿಯಾಗಿ ತಟ್ಟೆ ಎಳೆದುಕೊಂಡಳು. ಪುಣ್ಯಕ್ಕೆ ಮ್ಯೂನಿಕ್‌ನವಳು ಪಕ್ಕದಲ್ಲೇ ಇದ್ದಳು.

ಇನ್ನೊಂದು ಮಾತು, ಮುಜುಗರದ್ದು. ಅಲ್ಲಿ ಬಹಳ ಕಡೆ ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕುವಂತಿಲ್ಲ. ಪೈಪು ಸಣ್ಣದು, ಕಟ್ಟಿಕೊಳ್ಳುತ್ತದೆ. ಪಕ್ಕದ ಬುಟ್ಟಿಗೆ ಹಾಕಬೇಕು.

ಈಗ ಹಡಗು. ಯಾವ ಬಂದರು ಅಂತ ಎರಡು ಸಲ ನೋಡಿಕೊಳ್ಳಿ. ಕೆಲವು ಹಡಗುಗಳು ಪಿರೇಯಸ್‌ನಿಂದ ಹೊರಡುತ್ತವೆ, ಕೆಲವು ಲಾವ್ರಿಯೊದಿಂದ. ಲಾವ್ರಿಯೊ ಅಥೆನ್ಸಿನಿಂದ ಸುಮಾರು 60 ಕಿಲೋಮೀಟರ್. ಪಿರೇಯಸ್ಸೇ ಆದರೂ ಮೆಟ್ರೊ ಇಳಿದ ಕೂಡಲೇ ಹಡಗು ಸಿಗಲ್ಲ. ಎದುರಿಗೆ ಕಾಣೋದು ದ್ವೀಪಗಳ ಫೆರಿಗಳು. ಪ್ರವಾಸಿ ಹಡಗಿನ ಟರ್ಮಿನಲ್ ಇನ್ನೂ ಎರಡು ಕಿಲೋಮೀಟರ್ ಆಚೆ. ನಾವು ಪೆಟ್ಟಿಗೆ ಎಳೆದುಕೊಂಡು ನಡೆದೆವು. ನೀವು ಟ್ಯಾಕ್ಸಿ ಹಿಡಿಯಿರಿ.

ಕ್ಯಾಬಿನ್ ವಿಷಯದಲ್ಲಿ ಕಿಟಕಿಗೆ ದುಡ್ಡು ಸುರಿಯಬೇಡಿ. ರೂಮಿನಲ್ಲಿ ಇರೋದು ನಿದ್ದೆಗೆ ಮಾತ್ರ. ಅದರ ಬದಲು ಕೆಳಗಿನ ಅಂತಸ್ತು, ಹಡಗಿನ ನಡುಭಾಗ ಕೇಳಿ. ಅಲ್ಲಿ ತೂಗಾಟ ಕಮ್ಮಿ. ಏಜಿಯನ್ ಸಮುದ್ರದ ಉತ್ತರದ ಗಾಳಿಗೆ ಮೆಲ್ಟೆಮಿ ಅಂತ ಹೆಸರು, ಜುಲೈ, ಆಗಸ್ಟ್‌ನಲ್ಲಿ ಅದರದೇ ರಾಜ್ಯ. ಗಾಳಿ ಜೋರಾದರೆ ಬಂದರನ್ನೇ ಬಿಟ್ಟು ಮುಂದೆ ಹೋಗುವುದೂ ಉಂಟು. ಮೇನಲ್ಲೇ ಮಿಕೊನೊಸ್ ದಾಟಿದ ರಾತ್ರಿ ನಮ್ಮ ಗೆಳತಿ ಬಕೆಟ್ ಹಿಡಿದು ಕೂತಿದ್ದಳು. ವಾಂತಿ ಮಾತ್ರೆಯನ್ನು ತಲೆ ಸುತ್ತೋಕೆ ಮುಂಚೆ ತಗೋಬೇಕು, ಆಮೇಲೆ ತಗೊಂಡರೆ ಅದೂ ಹೊರಗೇ ಬರುತ್ತೆ. ಹಡಗು ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸಮುದ್ರದ ನಡುವಿನ ನೆಟ್‌ವರ್ಕಿಗೆ ಬೀಳುವ ಬಿಲ್ಲು ನಮ್ಮ ರೋಮಿಂಗ್ ಪ್ಯಾಕಿನಲ್ಲಿ ಬರಲ್ಲ.

ಖರ್ಚಿನಲ್ಲಿ ಮರೆತುಹೋಗೋದು ಎರಡು. ಒಂದು, ತಲೆಗೆ ದಿನಕ್ಕೆ ಇಷ್ಟು ಅಂತ ಸೇವಾ ಶುಲ್ಕ. ಇನ್ನೊಂದು, 2025ರ ಜುಲೈನಿಂದ ಬಂದ ಹಡಗು ಪ್ರವಾಸಿಗರ ತೆರಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಯಾಂಟೊರಿನಿ, ಮಿಕೊನೊಸ್ ಎರಡಕ್ಕೂ ತಲಾ 20 ಯೂರೊ, ಗ್ರೀಸಿನ ಬೇರೆ ಬಂದರುಗಳಿಗೆ 5. ಟಿಕೆಟ್ಟಿನಲ್ಲಿ ಸೇರಿದೆಯಾ ಅಂತ ಕೇಳಿ.

ಹಡಗಿನವರು ಮಾರುವ ಎಲ್ಲ ಟೂರುಗಳನ್ನೂ ಕೊಳ್ಳಬೇಕಿಲ್ಲ. ಕುಶಾಡಸಿಯಿಂದ ಎಫೆಸಸ್ ಅನ್ನುವ ಹಳೇ ಪಾಳು ನಗರ ಸುಮಾರು 20 ಕಿಲೋಮೀಟರ್, ಸಮಯ ಕಮ್ಮಿ, ಅಲ್ಲಿ ಟೂರ್ ತಗೊಳ್ಳಿ. ಸೆಲ್ಸಸ್ ಲೈಬ್ರರಿಯ ಮುಂಭಾಗ ನೋಡಿದರೆ ದುಡ್ಡು ವಸೂಲು. ಮಿಕೊನೊಸ್‌ನಲ್ಲಿ ಬೇಡವೇ ಬೇಡ. ಗಾಳಿಯಂತ್ರಗಳು, ನೀರಿಗೆ ಒರಗಿದ ಮನೆಗಳು, ಸುಣ್ಣದ ಗುಡ್ಡೆಯ ಹಾಗೆ ಕೂತ ಪರಪೋರ್ತಿಯಾನಿ ಚರ್ಚು, ಎಲ್ಲ ನಡೆದೇ ಮುಗಿಯುತ್ತದೆ. ದಾರಿ ತಪ್ಪುವುದೇ ಅಲ್ಲಿ ಮಜಾ. ಪಾಟ್ಮೊಸ್‌ನಲ್ಲಿ ಸುಸ್ತಾಗಿ ಅಲ್ಲಿನ ಹೆಸರಾದ ಕ್ರೈಸ್ತ ಮಠಕ್ಕೆ ಹೋಗದೆ ಕಾಫಿ ಕುಡಿದು ಕೂತೆವು, ಪಶ್ಚಾತ್ತಾಪ ಏನಿಲ್ಲ.

ಹೆರಾಕ್ಲಿಯನ್‌ನಲ್ಲಿ ಎಲ್ಲರೂ ಐದು ಕಿಲೋಮೀಟರ್ ಆಚೆಯ ಕ್ನೊಸೊಸ್ ಅರಮನೆಗೆ ಹೋಗುತ್ತಾರೆ. 1900ರಲ್ಲಿ ಅಗೆಯೋಕೆ ಶುರು ಮಾಡಿದ ಆರ್ಥರ್ ಇವಾನ್ಸ್ ಕಾಂಕ್ರೀಟಿನಲ್ಲಿ ಕಂಬ, ಗೋಡೆ ಎಬ್ಬಿಸಿ ಬಣ್ಣ ಬಳಿಸಿಟ್ಟಿದ್ದಾರೆ. ನನಗೆ ಅಷ್ಟು ಹಿಡಿಸಲಿಲ್ಲ. ಊರೊಳಗಿನ ಮ್ಯೂಸಿಯಂನಲ್ಲಿ ಆ ಅರಮನೆಯ ಗೋಡೆಯ ಮೂಲ ಚಿತ್ರಗಳಿವೆ. ಓಡುವ ಗೂಳಿಯ ಬೆನ್ನ ಮೇಲೆ ಲಾಗ ಹಾಕುವ ಹುಡುಗನ ಚಿತ್ರದ ಮುಂದೆ ನಮ್ಮ ಹಾವೇರಿ ಗೆಳತಿ ಸುಮ್ನೆ ನಿಂತುಬಿಟ್ಟಳು. "ನಮ್ಮೂರ ಹೋರಿ ಬೆದರಿಸೋದ್ರಾಗ ಮೇಲೆ ಹಾರಿದವನು ಉಳಿಯಂಗಿಲ್ಲ" ಅಂದಳು.

ಮತ್ತೆ ಸ್ಯಾಂಟೊರಿನಿ. ಜ್ವಾಲಾಮುಖಿ ಸಿಡಿದು ಕುಸಿದ ಬಾಯೊಳಗೆ ಸಮುದ್ರ ನುಗ್ಗಿ ನಿಂತಿದೆ. ಆಳ ಹತ್ತಿರ ಹತ್ತಿರ 400 ಮೀಟರ್, ಲಂಗರು ಹಾಕೋಕೆ ಆಗಲ್ಲ. ಹಡಗು ನಡುನೀರಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ನಮ್ಮದು ಸಂಜೆ ನಾಲ್ಕೂವರೆಗೆ ಮುಟ್ಟಿತು. ದಡಕ್ಕೆ ಬಂದಾಗ ಐದೂಕಾಲು. ಮೇಲಿನ ಫಿರಾ ಊರಿಗೆ ಕೇಬಲ್ ಕಾರಿನಲ್ಲಿ ಮೂರೇ ನಿಮಿಷ, ಅದರ ಸಾಲಿನಲ್ಲಿ ಒಂದು ಗಂಟೆ. ಹಡಗಿನ ಟೂರ್ ತಗೊಂಡವರನ್ನು ಬೇರೆ ಬಂದರಿನಲ್ಲಿ ಇಳಿಸಿ ಬಸ್ಸಿನಲ್ಲಿ ಸೀದಾ ಇಯಾ ಊರಿಗೆ ಕರೆದೊಯ್ದರು. ಟೂರಿಗೆ ದುಡ್ಡು ಕೊಡಬೇಕಾದ ಎರಡನೇ ಜಾಗ ಇದು. ನಮ್ಮ ಲೆಕ್ಕ ತಪ್ಪಿದ್ದೇ ಇಲ್ಲಿ.

ಇಯಾದ ಸೂರ್ಯಾಸ್ತ ಬಿಟ್ಟು ಫಿರಾದಿಂದ ಫಿರೊಸ್ತೆಫಾನಿ ತನಕ ಅಂಚಿನ ದಾರಿಯಲ್ಲಿ ನಡೆದೆವು. ಅಲ್ಲಿಂದಲೂ ಅದೇ ಸೂರ್ಯ, ನೂಕುನುಗ್ಗಲು ಕಮ್ಮಿ. ಕೊನೆಯ ದೋಣಿ ಒಂಬತ್ತೂವರೆಗೆ. ಎಂಟೂವರೆಗೆ ಹೊತ್ತು ಮುಳುಗಿದ್ದೇ ತಡ, ಊರಲ್ಲಿದ್ದ ಹಡಗಿನವರೆಲ್ಲ ಕೇಬಲ್ ಕಾರಿಗೆ ನುಗ್ಗಿದರು. ಸಾಲಿನ ಬಾಲ ಎರಡು ಓಣಿ ದಾಟಿತ್ತು. ಮೆಟ್ಟಿಲು ಇಳಿಯೋಣ ಅಂದೆವು. ಸುಮಾರು 600 ಮೆಟ್ಟಿಲು, ಅಗಲ, ಗುಂಡುಕಲ್ಲಿನವು, ಸವೆದು ನುಣ್ಣಗಾಗಿವೆ. ಅದರ ಮೇಲೆ ಕತ್ತೆಯ ಲದ್ದಿ, ಮಬ್ಬು ಬೆಳಕು. ತಿರುವಿನಲ್ಲಿ ಗಂಟೆ ಶಬ್ದ ಕೇಳಿದ ಕೂಡಲೇ ಗೋಡೆಗೆ ಅಂಟಿಕೊಂಡು ನಿಂತೆವು, ಏಳೆಂಟು ಕತ್ತೆಗಳು ಉಸಿರು ಬಿಡುತ್ತಾ ಮೈ ಒರೆಸಿಕೊಂಡೇ ಹೋದವು. ಒಬ್ಬಳ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿದಳು, ಏನು ತುಳಿದೆ ಅಂತ ಕೇಳಬೇಡಿ ಅನ್ನುತ್ತಾ. ದೋಣಿಗೆ ಬಂದಾಗ ಒಂಬತ್ತೂಕಾಲು. ಕತ್ತೆ ಸವಾರಿ ಮಾಡಬೇಡಿ. 100 ಕಿಲೋಗಿಂತ ಜಾಸ್ತಿ ಹೊರಿಸಬಾರದು ಅಂತ 2018ರಲ್ಲಿ ನಿಯಮ ಬಂದಿದೆ, ಆದರೂ ಆ ಮೆಟ್ಟಿಲು ನೋಡಿದರೆ ಮನಸ್ಸು ಬರಲ್ಲ.

ಒಂದು ವಾರ ರಜೆ ಇದ್ದು, ಪೆಟ್ಟಿಗೆ ಎತ್ತೋ ಶಕ್ತಿ ಇದ್ದರೆ ಹಡಗು ಬಿಡಿ. ಪಿರೇಯಸ್‌ನಿಂದ ಫೆರಿಯಲ್ಲಿ ಹೋಗಿ ಸ್ಯಾಂಟೊರಿನಿಯಲ್ಲೇ ಎರಡು ರಾತ್ರಿ ಇರಿ. ಸಾಮಾನ್ಯ ಫೆರಿಗೆ ಎಂಟು ಗಂಟೆ ಹಿಡಿಯುತ್ತದೆ. ಮಂಡಿ ನೋವಿದೆ, ದಿನಾ ಹೋಟೆಲ್ ಬದಲಾಯಿಸೋಕೆ ಆಗಲ್ಲ, ಗುಂಪಾಗಿ ಹರಟಬೇಕು ಅನ್ನುವವರಿಗೆ ಹಡಗೇ ಸರಿ. ರಾತ್ರಿ ಡೆಕ್ಕಿನ ಮೇಲೆ ನಾಲ್ವರೂ ಶಾಲು ಹೊದ್ದು ಕೂತು ಮಾತಾಡಿದ್ದಕ್ಕೆ ನಾನು ಯಾವ ದ್ವೀಪವನ್ನೂ ಬದಲು ಕೇಳಲ್ಲ.

ಕೊನೆಯ ರಾತ್ರಿ ಪೆಟ್ಟಿಗೆಗೆ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡೋಕೆ ಹೇಳುತ್ತಾರೆ. ಬೆಳಿಗ್ಗೆ ಅದು ಸೀದಾ ಬಂದರಿನಲ್ಲಿ ಸಿಗುತ್ತದೆ. ಮರುದಿನ ಹಾಕಿಕೊಳ್ಳುವ ಬಟ್ಟೆಯನ್ನು ಹೊರಗೆ ತೆಗೆದಿಡಿ. ನಮ್ಮಲ್ಲಿ ಅಚ್ಚುಕಟ್ಟು ಜಾಸ್ತಿ ಇರುವವಳು ಎಲ್ಲವನ್ನೂ ಮಡಿಸಿ, ಬೀಗ ಹಾಕಿ, ಹೊರಗಿಟ್ಟು ಮಲಗಿದಳು. ಬೆಳಿಗ್ಗೆ ಪಿರೇಯಸ್‌ನಲ್ಲಿ ಆನೆ ಚಿತ್ರದ ನೈಟಿ ಮೇಲೆ ನನ್ನ ಶಾಲು ಹೊದ್ದು ಇಳಿದಳು. ಟ್ಯಾಕ್ಸಿಯವನು "ಇಂಡಿಯನ್ ಡ್ರೆಸ್?" ಅಂತ ಕೇಳಿದ. "ನೇ, ನೇ" ಅಂದೆವು.