ಹೊರದೇಶದಲ್ಲಿ ಮನೆ ಹೂಡುವವರು ಏನು ಕಟ್ಟಿಕೊಂಡು ಹೋಗಬೇಕು?

ರಜೆಯಲ್ಲಿ ಮೈಸೂರಿಗೆ ಬಂದಾಗಲೆಲ್ಲ, ಸರಸ್ವತಿಪುರಂನಲ್ಲಾಗಲಿ ಕುವೆಂಪುನಗರದಲ್ಲಾಗಲಿ, ಯಾರ ಮನೆಗೆ ಹೋದರೂ ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ ಒಂದು ಪ್ರಶ್ನೆಯೂ ಬರುತ್ತದೆ. "ನಮ್ಮ ಹುಡುಗಿ ಜರ್ಮನಿಗೆ ಹೊರಟಿದ್ದಾಳೆ, ಏನೇನು ಕಟ್ಟಿಕೊಡಬೇಕು? ಅಲ್ಲಿ ಮನೆ ಒಗ್ಗುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ?" ನಾನು ಸ್ಟುಟ್‌ಗಾರ್ಟ್‌ನಲ್ಲಿ ಸಂಸಾರ ಹೂಡಿಕೊಂಡಿರುವುದರಿಂದ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುವುದು ಸಹಜ. ಕೇಳುವವರ ಕಾತರವನ್ನು ನಾನು ಬಲ್ಲೆ. ಆದ್ದರಿಂದ ನಿಂತ ನಿಲುವಿನಲ್ಲಿ ಎರಡು ಮಾತು ಹೇಳಿ ಮುಗಿಸುವ ಬದಲು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಕಟ್ಟಿಕೊಂಡು ಹೋಗುವ ಸಾಮಾನು ಮೊದಲ ಕೆಲವು ವಾರಗಳ ಊಟಕ್ಕೆ ಆಗಿಬರುತ್ತದೆ, ಅಷ್ಟೇ. ಮನೆ ಒಗ್ಗುವುದು ಆ ಊರಿನಲ್ಲಿ ನಮಗೊಂದು ಸರಿಯಾದ ವಿಳಾಸ ದೊರೆತು, ಆ ವಿಳಾಸದ ಜೊತೆಗೆ ಬರುವ ಹೊಣೆಗಳನ್ನು ನಾವು ನಮ್ಮವೆಂದು ವಹಿಸಿಕೊಂಡಾಗ.

ಸಾಮಾನಿನ ಮಾತನ್ನು ಬೇಗ ಮುಗಿಸುತ್ತೇನೆ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಹಪ್ಪಳ, ರಾಗಿಹಿಟ್ಟು, ಮಂಡ್ಯದ ಬೆಲ್ಲ ಇವುಗಳನ್ನು ಕಟ್ಟಿಕೊಡಬಹುದು. ತುಪ್ಪ, ಖೋವಾ, ಪನೀರ್ ಮುಂತಾದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ತರುವಂತಿಲ್ಲ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ಹೂವು, ಹಣ್ಣು, ತರಕಾರಿಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗಿರುವುದರಿಂದ, ಕರಿಬೇವು, ವೀಳ್ಯದೆಲೆ, ಮೈಸೂರು ಮಲ್ಲಿಗೆ ಮೂರೂ ಮನೆಯಲ್ಲಿಯೇ ಉಳಿಯಬೇಕಾಗುತ್ತದೆ. ಈ ನಿಯಮದಿಂದ ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆ, ಖರ್ಜೂರ ಎಂಬ ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ ಇದೆ. ಹಾಗಾಗಿ ನಂಜನಗೂಡು ರಸಬಾಳೆ ಸಿಕ್ಕಿದರೆ ಅದನ್ನು ಧಾರಾಳವಾಗಿ ಕೊಟ್ಟು ಕಳುಹಿಸಬಹುದು. ಮಿಕ್ಸಿಯ ಬಗ್ಗೆ ಕೇಳದವರಿಲ್ಲ. ಎರಡೂ ದೇಶಗಳಲ್ಲಿ ಮನೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್ ಆಗಿರುವುದರಿಂದ ನಮ್ಮ ಮಿಕ್ಸಿ ಅಲ್ಲಿ ಚೆನ್ನಾಗಿಯೇ ಓಡುತ್ತದೆ. ಅರ್ತಿಂಗ್ ಇರುವ ಒಳ್ಳೆಯ ಅಡಾಪ್ಟರ್ ಒಂದಿದ್ದರೆ ಸಾಕು. ಅಮೆರಿಕಕ್ಕೆ ಹೋಗುವವರಿಗೆ ಈ ಅನುಕೂಲವಿಲ್ಲ, ಅಲ್ಲಿರುವುದು 120 ವೋಲ್ಟ್.

ಇನ್ನು ವಿಳಾಸದ ವಿಷಯ. ಜರ್ಮನಿಯಲ್ಲಿ ಯಾರೇ ಹೊಸ ಮನೆಗೆ ಬಂದರೂ ಎರಡು ವಾರಗಳೊಳಗೆ ಆ ಊರಿನ ನಾಗರಿಕ ಕಚೇರಿಗೆ ಹೋಗಿ ತಮ್ಮ ವಾಸಸ್ಥಳವನ್ನು ನೋಂದಾಯಿಸಬೇಕೆಂಬ ಕಾನೂನಿದೆ. ಇದನ್ನು ಅಲ್ಲಿ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಪಾಸ್‌ಪೋರ್ಟಿನ ಜೊತೆಗೆ, ಇವರು ಇಂಥ ದಿನದಿಂದ ನನ್ನ ಮನೆಯಲ್ಲಿ ವಾಸವಾಗಿದ್ದಾರೆ ಎಂದು ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರವನ್ನೂ ಒಯ್ಯಬೇಕು. ಬಾಡಿಗೆ ಕರಾರು ಒಂದೇ ಸಾಲದು. ಈ ನೋಂದಣಿಯಾದ ಮೇಲೆಯೇ ಹನ್ನೊಂದು ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಆ ಸಂಖ್ಯೆ ತಡವಾದಷ್ಟೂ ಸಂಬಳದಲ್ಲಿ ಹೆಚ್ಚಿನ ದರದ ತೆರಿಗೆ ಹಿಡಿಯುವ ಸಂಭವವಿರುತ್ತದೆ. ವಾಸದ ಪರವಾನಗಿ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಎಲ್ಲವೂ ಇದೇ ವಿಳಾಸವನ್ನು ಕೇಳುತ್ತವೆ. ಆದ್ದರಿಂದ ಮೊದಲ ತಿಂಗಳಿಗೆಂದು ಮೈಸೂರಿನಲ್ಲಿ ಕುಳಿತು ತಾತ್ಕಾಲಿಕ ಕೋಣೆಯನ್ನು ಗೊತ್ತುಮಾಡುವಾಗ, ಬಾಡಿಗೆ ಎಷ್ಟು ಎಂದು ಕೇಳುವುದಕ್ಕೆ ಮುಂಚೆ, ಈ ವಿಳಾಸದಲ್ಲಿ ನೋಂದಣಿ ಮಾಡಿಸಲು ಅವಕಾಶ ಕೊಡುತ್ತೀರಾ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಬೇಕು. ಬೆಲೆ ಕಡಿಮೆಯೆಂದು ನೋಂದಣಿಗೆ ಒಪ್ಪದ ಕೋಣೆ ಹಿಡಿದು, ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಲಾಗದೆ ಕುಳಿತ ಮಕ್ಕಳನ್ನು ನಾನು ಕಂಡಿದ್ದೇನೆ, ಆ ಸಂಕಟ ಯಾರಿಗೂ ಬೇಡ.

ನೋಂದಣಿಯ ಅರ್ಜಿಯಲ್ಲಿ ಧರ್ಮ ಯಾವುದೆಂಬ ಪ್ರಶ್ನೆ ಇರುವುದನ್ನು ಕಂಡು ನಮ್ಮವರು ಗಾಬರಿಯಾಗುತ್ತಾರೆ. ಅಲ್ಲಿಯ ಸರ್ಕಾರ ಚರ್ಚುಗಳ ಪರವಾಗಿ ಅವುಗಳ ಸದಸ್ಯರಿಂದ ತೆರಿಗೆ ವಸೂಲು ಮಾಡಿಕೊಡುವುದರಿಂದ ಆ ಪ್ರಶ್ನೆ ಇದೆ. ಸದಸ್ಯರಲ್ಲದವರಿಗೆ ಅದರಿಂದ ಏನೂ ತೊಂದರೆಯಿಲ್ಲ. ಕೆಲವು ವಾರಗಳಲ್ಲಿ, ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕೆಂಬ ಪತ್ರವೂ ಬರುತ್ತದೆ. ಅದು ಮೋಸದ ಪತ್ರವಲ್ಲ. ಎತ್ತಿಟ್ಟು ಮರೆಯಬಾರದು.

ಪತ್ರಗಳ ಮಾತು ಬಂದದ್ದರಿಂದ ಹೆಸರಿನ ವಿಷಯವನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಮೈಸೂರು ಸೀಮೆಯವರಿಗೆ ಇದರಷ್ಟು ತೊಡಕಿನ ಸಂಗತಿ ಮತ್ತೊಂದಿಲ್ಲ. ನಮ್ಮಲ್ಲಿ ಊರಿನ ಹೆಸರಿಗೊಂದು, ತಂದೆಯ ಹೆಸರಿಗೊಂದು ಇನಿಷಿಯಲ್ ಇಟ್ಟುಕೊಳ್ಳುವುದು ರೂಢಿ. ಗಂಡ, ಹೆಂಡತಿ, ಮಕ್ಕಳು ಮೂವರದೂ ಬೇರೆ ಬೇರೆಯಾಗಿರುವುದು ಸಾಮಾನ್ಯ. ಜರ್ಮನಿಯ ಬಹುಮಹಡಿ ಮನೆಗಳಲ್ಲಿ ಮನೆಗೆ ಪ್ರತ್ಯೇಕ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಕರೆಗಂಟೆಯ ಮೇಲೂ ಅಂಚೆಪೆಟ್ಟಿಗೆಯ ಮೇಲೂ ಬರೆದಿರುವ ಕುಟುಂಬದ ಹೆಸರನ್ನು ನೋಡಿಯೇ ಅಂಚೆಯವರು ಪತ್ರ ಹಾಕುತ್ತಾರೆ, ಪೆಟ್ಟಿಗೆಯ ಮೇಲೆ ಆ ಹೆಸರು ಇಲ್ಲದಿದ್ದರೆ ಪತ್ರ ಹಿಂದಿರುಗುತ್ತದೆ. ಬ್ಯಾಂಕ್ ಕಾರ್ಡಿನ ಗುಪ್ತಸಂಖ್ಯೆ, ಆರೋಗ್ಯ ವಿಮೆಯ ಕಾರ್ಡ್, ತೆರಿಗೆಯ ಸಂಖ್ಯೆ ಎಲ್ಲವೂ ಅಂಚೆಯಲ್ಲಿಯೇ ಬರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ಪಾಸ್‌ಪೋರ್ಟ್ ಮಾಡಿಸುವಾಗಲೇ ಉಪನಾಮದ ಜಾಗವನ್ನು ಖಾಲಿ ಬಿಡದೆ, ಇನಿಷಿಯಲ್ಲನ್ನು ಬಿಡಿಸಿ ಬರೆಸಿ, ಮದುವೆಯ ಪ್ರಮಾಣಪತ್ರದಲ್ಲಿಯೂ ಮಕ್ಕಳ ಜನನ ಪತ್ರದಲ್ಲಿಯೂ ಅದೇ ಕಾಗುಣಿತ ಇರುವಂತೆ ನೋಡಿಕೊಳ್ಳಬೇಕು. 2017ರ ಜನವರಿಯಲ್ಲಿ, ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ದೇಶದಲ್ಲಿ ಮೊದಲು ಆರಂಭವಾದ ಊರುಗಳಲ್ಲಿ ಮೈಸೂರೂ ಒಂದು. ಹಾಗಾಗಿ ಈ ಕೆಲಸವನ್ನು ಬೆಂಗಳೂರಿಗೆ ಅಲೆಯದೆ ಊರಿನಲ್ಲಿಯೇ ಸಾವಧಾನವಾಗಿ ಮಾಡಿಸಿಕೊಳ್ಳಬಹುದು. ಮನೆಗೆ ಕಾಲಿಟ್ಟ ದಿನವೇ, ಹಾಸಿಗೆ ಹಾಸುವ ಮುನ್ನ, ಎಲ್ಲರ ಉಪನಾಮಗಳನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬಾಡಿಗೆ ಮನೆಯ ಲೆಕ್ಕವೂ ಬೇರೆ. ನಮ್ಮಲ್ಲಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿ ಇಲ್ಲ, ಭೋಗ್ಯದ ಪದ್ಧತಿಯೂ ಇಲ್ಲ. ಮೂಲ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಹನ್ನೊಂದು ತಿಂಗಳ ಕರಾರಿನ ಬದಲು ಸಾಮಾನ್ಯವಾಗಿ ಅವಧಿಯಿಲ್ಲದ ಕರಾರು ಇರುತ್ತದೆ. ಬಿಡುವಾಗ ಮೂರು ತಿಂಗಳ ಮುನ್ಸೂಚನೆ ಕೊಡಬೇಕು. ಜಾಹೀರಾತಿನಲ್ಲಿ ಕಾಣುವ ಕಾಲ್ಟ್‌ಮೀಟೆ ಎಂಬುದು ಬರಿಯ ಮೂಲ ಬಾಡಿಗೆಯಾದ್ದರಿಂದ, ಚಳಿಗೆ ಮನೆ ಕಾಯಿಸುವ ವ್ಯವಸ್ಥೆ, ನೀರು, ಕಸ ವಿಲೇವಾರಿಯ ವೆಚ್ಚಗಳನ್ನು ಅದಕ್ಕೆ ಸೇರಿಸಿ ನೋಡಬೇಕು. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ ಮತ್ತು ನೀರಿನ ಕೊಳವೆ ಮಾತ್ರ. ಒಲೆ, ಸಿಂಕು, ಕಪಾಟುಗಳನ್ನು ನಾವೇ ಹಾಕಿಸಬೇಕು, ಇಲ್ಲವೇ ಹಿಂದಿದ್ದವರಿಂದ ಕೊಳ್ಳಬೇಕು. ಹಾಲು ಉಕ್ಕಿಸುವುದಕ್ಕೆ ವಿದ್ಯುತ್ ಒಲೆಯೊಂದು ಸಾಕು. ಗೃಹಪ್ರವೇಶದ ಹೋಮವನ್ನು ಮಾತ್ರ ಅಲ್ಲಿ ಯೋಚಿಸಬೇಡಿ, ಮಲಗುವ ಕೋಣೆಗಳಲ್ಲಿಯೂ ಮನೆಯೊಳಗಿನ ನಡುಹಾದಿಯಲ್ಲಿಯೂ ಹೊಗೆ ಎಚ್ಚರಿಕೆಯ ಗಂಟೆ ಇರುವುದು ಕಡ್ಡಾಯ, ಹತ್ತಿರದಲ್ಲಿ ಹಚ್ಚಿದ ಊದುಬತ್ತಿಗೂ ಅದು ಕೂಗಿಕೊಳ್ಳಬಹುದು.

ಮೈಸೂರಿನ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಯಾರೂ ಮುಂಚಿತವಾಗಿ ಹೇಳದಿರುವ ಸಂಗತಿಯೊಂದಿದೆ, ಅದು ಗಾಳಿ. ನಮ್ಮ ಮನೆಗಳಿಗೆ ಬೆಳಕಿಂಡಿಗಳಿರುತ್ತವೆ, ಕಿಟಕಿಗಳು ಇಡೀ ದಿನ ತೆರೆದಿರುತ್ತವೆ, ಅನ್ನ ಬೇಯುವ ಹಬೆ ತನ್ನಷ್ಟಕ್ಕೆ ಹೊರಗೆ ಹೋಗುತ್ತದೆ. ಅಲ್ಲಿಯ ಮನೆಗಳನ್ನು ಚಳಿ ನುಸುಳದಂತೆ ಬಿಗಿಯಾಗಿ ಕಟ್ಟಿರುತ್ತಾರೆ. ಇಡ್ಲಿಯ ಹಬೆ, ಕುಕ್ಕರಿನ ಹಬೆ, ಸ್ನಾನದ ನೀರಿನ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲವೂ ಒಳಗೇ ಉಳಿದು, ತಣ್ಣನೆಯ ಹೊರಗೋಡೆಯ ಮೂಲೆಯಲ್ಲಿ ನೀರಾಗಿ ಕೂಡಿ, ಚಳಿಗಾಲ ಮುಗಿಯುವ ಹೊತ್ತಿಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಅದು ಉಸಿರಾಟಕ್ಕೆ ಕೆಟ್ಟದ್ದು. ಬಿಡುವಾಗ ಠೇವಣಿಯ ಜಗಳಕ್ಕೂ ಅದೇ ಕಾರಣವಾಗುತ್ತದೆ. ಕೋಣೆ ಕಾಯಿಸುವ ಯಂತ್ರವನ್ನು ತಗ್ಗಿಸಿ, ದಿನಕ್ಕೆ ಎರಡು ಮೂರು ಬಾರಿ ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಟ್ಟು ಮುಚ್ಚುವುದು ಅಲ್ಲಿಯವರ ಕ್ರಮ. ಹೊರಗೆ ಹಿಮ ಬೀಳುತ್ತಿರುವಾಗ ಕಿಟಕಿ ತೆರೆಯುವುದು ಹುಚ್ಚು ಎಂದು ನಮ್ಮ ಹಿರಿಯರಿಗೆ ತೋರುತ್ತದೆ, ಆದರೆ ತಣ್ಣನೆಯ ಗಾಳಿಯಲ್ಲಿ ತೇವ ಬಹಳ ಕಡಿಮೆ, ಅದು ಒಳಗೆ ಬಂದು ಬೆಚ್ಚಗಾದಾಗ ಕೋಣೆ ಒಣಗುತ್ತದೆ. ಕಿಟಕಿಯನ್ನು ಸ್ವಲ್ಪವೇ ಓರೆಮಾಡಿ ಇಡೀ ದಿನ ಬಿಡುವುದರಿಂದ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚುತ್ತದೆ.

ನೆರೆಹೊರೆಯ ವಿಷಯವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿಯುತ್ತೇನೆ. ಕುವೆಂಪುನಗರದಲ್ಲಿ ಬಾಡಿಗೆ ಮನೆಗೆ ಸಾಮಾನು ಇಳಿಸುತ್ತಿರುವಾಗಲೇ ಎದುರು ಮನೆಯವರು ಗೇಟಿನ ಹತ್ತಿರ ಬಂದು, ಯಾವ ಊರಿನವರು, ಎಲ್ಲಿ ಕೆಲಸ, ಕುಡಿಯಲು ನೀರು ಬೇಕೇ ಎಂದು ವಿಚಾರಿಸುತ್ತಾರೆ. ಸ್ಟುಟ್‌ಗಾರ್ಟ್‌ನಲ್ಲಿ ಹೊಸದಾಗಿ ಬಂದವರೇ ಹೋಗಿ ಗಂಟೆ ಒತ್ತಿ, ನಾವು ಇಂಥವರು, ಎರಡನೆಯ ಮಹಡಿಗೆ ಬಂದಿದ್ದೇವೆ ಎಂದು ಹೇಳಿಕೊಳ್ಳಬೇಕು. ಇದನ್ನು ತಿಳಿಯದ ನಮ್ಮವರು ಯಾರೂ ಮಾತನಾಡಿಸಲಿಲ್ಲವೆಂದು ನೊಂದುಕೊಂಡು, ತಿಂಗಳುಗಟ್ಟಲೆ ಬಾಗಿಲು ಮುಚ್ಚಿಕೊಂಡು ಕೂರುತ್ತಾರೆ. ಆ ಕಡೆಯವರು, ಹೊಸಬರಿಗೆ ನಮ್ಮ ಪರಿಚಯ ಬೇಕಿಲ್ಲವೇನೋ ಎಂದುಕೊಂಡು ಸುಮ್ಮನಿರುತ್ತಾರೆ. ಹರಕು ಜರ್ಮನ್ ಆದರೂ ಸರಿಯೇ, ಮೊದಲ ವಾರದಲ್ಲಿಯೇ ಹೋಗಿ ಬರಬೇಕು.

ಆ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯೊಂದು ಶತಮಾನಗಳಿಂದ ನಡೆದುಬಂದಿದೆ. ಒಂದು ಕಟ್ಟಡದಲ್ಲಿರುವ ಮನೆಯವರು ಸರದಿಯಂತೆ ವಾರಕ್ಕೊಬ್ಬರು ಮೆಟ್ಟಿಲುಗಳನ್ನು ಗುಡಿಸಿ ಒರೆಸಬೇಕು. ದೊಡ್ಡ ಸರದಿ ಬಂದವರು ಅಂಗಳ, ಕಾಲುದಾರಿ, ಕಸದ ಡಬ್ಬಿಗಳ ಜಾಗವನ್ನೂ ನೋಡಿಕೊಳ್ಳಬೇಕು, ಚಳಿಗಾಲದಲ್ಲಿ ಜನ ಓಡಾಡುವ ಹೊತ್ತಿಗೆ ಮುಂಚೆ ಹಿಮವನ್ನೂ ತೆಗೆಯಬೇಕು. ಯಾರ ವಾರವೋ ಅವರ ಬಾಗಿಲಿಗೆ ಒಂದು ಸಣ್ಣ ಫಲಕ ತೂಗುತ್ತದೆ. ಕೆಲಸದವರನ್ನು ಇಟ್ಟುಕೊಂಡು ಬೆಳೆದ ಕೆಲವರಿಗೆ ಇದು ಅವಮಾನವೆನ್ನಿಸುತ್ತದೆ. ಹಳೆಯ ಅಗ್ರಹಾರದ ವಠಾರಗಳಲ್ಲಿ ಸರದಿಯಂತೆ ನಲ್ಲಿಯ ಕಟ್ಟೆಯನ್ನು ತೊಳೆದು, ಬಾಗಿಲಿಗೆ ನೀರು ಹಾಕಿ ಬದುಕಿದವರ ಮೊಮ್ಮಕ್ಕಳಿಗೆ ಹಾಗೆನ್ನಿಸಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೆಟ್ಟಿಲು ಒರೆಸುವಾಗಲೇ ಮೇಲಿನ ಮನೆಯ ಅಜ್ಜಿ ನಿಂತು ಮಾತನಾಡುತ್ತಾರೆ, ಕೆಳಗಿನವರು ನಮ್ಮ ಪಾರ್ಸೆಲ್ಲನ್ನು ಪಡೆದಿಟ್ಟಿರುವುದಾಗಿ ಹೇಳುತ್ತಾರೆ. ಕಾಗದ, ಪೊಟ್ಟಣ, ಅಡುಗೆಮನೆಯ ಹಸಿಕಸ, ಉಳಿದ ಕಸ ಇವುಗಳನ್ನು ಬೇರೆ ಬೇರೆ ಡಬ್ಬಿಗಳಿಗೆ ಹಾಕುವುದು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮತ್ತು ಭಾನುವಾರ ಪೂರ್ತಿ ಸದ್ದು ಮಾಡದಿರುವುದು, ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಹಾಲು ತರಕಾರಿ ತಂದಿಡುವುದು ಇವೆಲ್ಲ ಕೆಲವು ವಾರಗಳಲ್ಲಿ ರೂಢಿಗೆ ಬರುತ್ತವೆ.

ಜೊತೆಗೆ ಹೋಗುವ ಗಂಡ ಅಥವಾ ಹೆಂಡತಿಯ ಬಗ್ಗೆ ಒಂದು ಮಾತು. ಕೆಲಸಕ್ಕೆ ಹೋಗುವವರಿಗೆ ಕಚೇರಿಯಲ್ಲಿ ಜನ ಸಿಗುತ್ತಾರೆ, ಮನೆಯಲ್ಲಿ ಉಳಿಯುವವರಿಗೆ ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿಯ ಹಗಲು ಸುಮಾರು ಎಂಟೂಕಾಲು ಗಂಟೆ ಮಾತ್ರ, ಸಂಜೆ ನಾಲ್ಕೂವರೆಗೆ ಕತ್ತಲೆ. ಆ ತಿಂಗಳುಗಳಲ್ಲಿ ಒಬ್ಬರೇ ಮನೆಯೊಳಗಿದ್ದು ಕುಗ್ಗಿಹೋದವರನ್ನು ನಾನು ಬಲ್ಲೆ. ಜರ್ಮನ್ ಭಾಷೆ 600 ಗಂಟೆ, ದೇಶದ ಪರಿಚಯ 100 ಗಂಟೆ ಇರುವ ಸಮಗ್ರ ತರಗತಿಯನ್ನು ಅಲ್ಲಿಯ ಸರ್ಕಾರ ನಡೆಸುತ್ತದೆ. ಅದಕ್ಕೆ ಸೇರುವುದು, ಸಾಧ್ಯವಾದರೆ ಸೆಪ್ಟೆಂಬರ್ ಹೊತ್ತಿಗೇ ಸೇರುವುದು ಒಳ್ಳೆಯದು, ಭಾಷೆಗಿಂತ ಹೆಚ್ಚಾಗಿ ದಿನವೂ ಮನೆಯಿಂದ ಹೊರಡುವುದಕ್ಕೆ ಅದೊಂದು ಕಾರಣವಾಗುತ್ತದೆ. ಬ್ಲೂ ಕಾರ್ಡ್, ಎಂದರೆ ಉನ್ನತ ಶಿಕ್ಷಣ ಪಡೆದ ಹೊರದೇಶದ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಪಡೆದವರ ಸಂಗಾತಿಗೆ ವೀಸಾಕ್ಕೆಂದು ಜರ್ಮನ್ ಪರೀಕ್ಷೆ ಬೇಕಿಲ್ಲವೆಂಬುದು ನಿಜ. ಆದರೂ ಮೈಸೂರಿನಲ್ಲಿರುವಾಗಲೇ ಮೊದಲ ಹಂತವನ್ನು ಕಲಿತು ಹೊರಡಿ ಎಂದೇ ನಾನು ಒತ್ತಾಯಿಸುತ್ತೇನೆ. ನಮ್ಮ ಚಾಲನಾ ಪರವಾನಗಿ ಅಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಕೊಡಬೇಕು.

ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ನಾನು ಕಂಡಂತೆ ಹೇಳುವುದಾದರೆ, ಒಂದು ಪೂರ್ತಿ ಚಳಿಗಾಲ ಕಳೆಯಬೇಕು. ಅಪ್ಪ ಅಮ್ಮ ಯಾವಾಗ ಬರಬಹುದು ಎಂದು ಕೇಳುವವರಿಗೆ, ಮೊದಲ ಚಳಿಗಾಲ ಮುಗಿದ ಮೇಲಿನ ಮೇ ತಿಂಗಳಲ್ಲಿ ಬನ್ನಿ ಎನ್ನುತ್ತೇನೆ. ಭೇಟಿಯ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಲು ಅವಕಾಶವಿದೆ, ಕನಿಷ್ಠ 30,000 ಯೂರೋಗಳ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಹಳೆಯ ಕಾಯಿಲೆಗಳಿಗೆ ಆ ವಿಮೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಕೊಳ್ಳುವ ಮುನ್ನ ಓದಿಕೊಳ್ಳಿ, ಮೂರು ತಿಂಗಳ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ತನ್ನಿ. ಮಕ್ಕಳಿಗೂ ಒಂದು ಮಾತು, ಹಗಲೆಲ್ಲ ನೀವು ಕೆಲಸಕ್ಕೆ ಹೋಗಿರುವಾಗ ಅಪ್ಪ ಅಮ್ಮನನ್ನು ಮನೆಯೊಳಗೆ ಕೂರಿಸಬೇಡಿ. ಒಂದು ಬೀಗದಕೈ, ಟ್ರಾಮಿನ ತಿಂಗಳ ಪಾಸು, ಮನೆಯ ವಿಳಾಸ ಬರೆದ ಚೀಟಿ ಕೊಟ್ಟು, ಮೊದಲ ವಾರ ಜೊತೆಯಲ್ಲಿ ಹೋಗಿ ದಾರಿ ತೋರಿಸಿದರೆ, ಎರಡನೆಯ ವಾರದಿಂದ ಅವರೇ ಹೋಗಿ ತರಕಾರಿ ತರುತ್ತಾರೆ.